ಆಟ ನಿಮ್ಮದು, ಸೆಲ್ ನನ್ನದು

ನಮ್ಮ ಬಳಗದಲ್ಲಿ ಒಂದು ಕಥೆ ಐದು ವರ್ಷದಿಂದ ಓಡಾಡುತ್ತಿದೆ. ಯಾರ ಮನೆಯಲ್ಲಿ ಮಕ್ಕಳು ಹಟ ಮಾಡಿದರೂ ವಿಜಯನಗರದ ನಮ್ಮ ಚಿಕ್ಕಮ್ಮ ಅದನ್ನು ಡಬ್ಬಿಯಿಂದ ತೆಗೆದ ಚಕ್ಕುಲಿಯ ಹಾಗೆ ತೆಗೆದು ಹಂಚುತ್ತಾಳೆ. ನಮ್ಮ ಅಪ್ಪ ಮಕ್ಕಳಿಗೆ ಒಂದು ದಿನವೂ ಬೇಡ ಅಂದವರಲ್ಲವಂತೆ. ಕೂರಿಸಿಕೊಂಡು, ಮಾತಾಡಿ, ಕಾಗದದ ಮೇಲೆ ಒಪ್ಪಂದ ಬರೆದು ವಿಡಿಯೋ ಗೇಮ್ ಆಡಲು ಬಿಟ್ಟವರಂತೆ. ಅದರಿಂದಲೇ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುವ ಹುಡುಗಿಯಾದೆನಂತೆ. ನನ್ನ ತಮ್ಮ ಗಿರಿ ಅಂತೂ ಅಪ್ಪನ ರೀತಿ ನೋಡಿ ನೋಡಿ ಬುದ್ಧಿ ಕಲಿತು, ತಾನಾಗಿಯೇ ಆಟ ಬಿಟ್ಟನಂತೆ.

ಇಷ್ಟು ಅಂತೆಗಳನ್ನು ಕೇಳಿ ಸುಮ್ಮನೆ ಕಾಫಿ ಕುಡಿಯುವ ಸ್ವಭಾವ ನನ್ನದಲ್ಲ. ಆದರೂ ಐದು ವರ್ಷ ಕುಡಿದಿದ್ದೇನೆ. ಹೋದ ಭಾನುವಾರ ಮಾತ್ರ ಆಗಲಿಲ್ಲ.

ಚಿಕ್ಕಮ್ಮನ ಮಗನಿಗೆ ಟೀವಿಗೆ ಸಿಕ್ಕಿಸಿ ಆಡುವ ಗೇಮ್ ಬಂದಿದೆ. ನಾವು ಅವರ ಮನೆಗೆ ಹೋದಾಗ ಅದು ಕುಂಯ್ ಕುಂಯ್ ಅನ್ನುತ್ತಿತ್ತು. ಆ ಸದ್ದು ನನ್ನ ಹಲ್ಲಿನ ಬುಡಕ್ಕೆ ಹೋಯಿತು. ನಾಲಿಗೆಯ ತುದಿಯಲ್ಲಿ ಸಣ್ಣಗೆ ಹುಳಿ ಚುರುಗುಟ್ಟಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹುಡುಗ ಆಟದ ಎರಡನೇ ಹಿಡಿಕೆಯನ್ನು ಗಿರಿಯ ಕಡೆ ಚಾಚಿ, "ತಗೋ ಗಿರಿಯಣ್ಣ, ಒಂದು ಆಟ" ಅಂದ. ಗಿರಿಗೆ ಈಗ ಹದಿನಾರು. ಅವನು ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡು, "ಬೇಡ ಮಗಾ, ನೀನಾಡು" ಅಂದ. ಚಿಕ್ಕಮ್ಮ ತಕ್ಷಣ ಮಗನಿಗೆ, "ನೋಡು, ನೋಡಿ ಕಲ್ತ್ಕೋ" ಅಂದಳು. ಆಮೇಲೆ ಇಡೀ ಕಥೆ ಮತ್ತೆ ಶುರುವಾಯಿತು.

ನಾನು ನೋಡಿದ್ದು ಆ ಜೇಬಿಗೆ ಹೋದ ಕೈಗಳನ್ನು. ಆ ಕೈಗಳ ಬಗ್ಗೆ ನನ್ನ ಹತ್ತಿರ ಬೇರೆ ಕಥೆಯಿದೆ. ಓದುಗರೇ, ನೀವು ಎರಡೂ ಪಕ್ಷ ಕೇಳಿ ತೀರ್ಪು ಕೊಡಬೇಕು. ಸ್ಪರ್ಧೆಗಳಲ್ಲಿ ನನಗೆ ಸಿಗುವ ತೀರ್ಪು ಸಾಮಾನ್ಯವಾಗಿ ಸ್ಟೀಲ್ ಲೋಟದ ರೂಪದಲ್ಲಿರುತ್ತದೆ. ಹನ್ನೊಂದು ಲೋಟಗಳಿವೆ, ಅಮ್ಮ ಒಂದರಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾಳೆ.

ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ಆಗ ಅಲ್ಲಿನ ಕಾರ್ಮಿಕ ಸಂಘಕ್ಕೆ ಜಂಟಿ ಕಾರ್ಯದರ್ಶಿ. ಬೇಡಿಕೆ ಪಟ್ಟಿ, ಮಾತುಕತೆ, ಮುಂದೂಡಿಕೆ, ಒಪ್ಪಂದ: ಈ ನಾಲ್ಕು ಮಾತು ಬಿಟ್ಟರೆ ಅವರ ಬಾಯಲ್ಲಿ ಊಟ, ಸ್ನಾನ ಅನ್ನುವ ಮಾತುಗಳು ಮಾತ್ರ ಬರುತ್ತಿದ್ದವು. "ಈ ಮನೇಲಿ ಸಾರಿಗೆ ಉಪ್ಪು ಹಾಕಬೇಕಾದ್ರೂ ಜನರಲ್ ಬಾಡಿ ಕರೀಬೇಕು" ಎಂದು ಅಮ್ಮ ಗೊಣಗುತ್ತಿದ್ದಳು. ಹಾಗೆ ಗೊಣಗುತ್ತಲೇ ಉಪ್ಪು ಹಾಕಿಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಕೆಲಸಗಳು ನಡೆಯುತ್ತಿದ್ದದ್ದು ಆ ಕಾರಣದಿಂದಲೇ.

ಗೇಮ್ ತಂದವರು ನಾಯಂಡಹಳ್ಳಿಯ ಸೋದರಮಾವ. ಲಾರಿ ಓಡಿಸುತ್ತಿದ್ದರು. ಮದರಾಸಿಗೆ ಲೋಡು ಹಾಕಿಕೊಂಡು ಹೋದವರು ಬರ್ಮಾ ಬಜಾರಿನಿಂದ ನಮಗಿಬ್ಬರಿಗೂ ಸೇರಿ ಒಂದನ್ನು ತಂದರು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಬೂದು ಬಣ್ಣದ ಗಾಜು, ಎಡಕ್ಕೊಂದು ಬಲಕ್ಕೊಂದು ಗುಂಡಿ. ಗಾಜಿನೊಳಗೆ ಒಂದು ಹಡಗು; ಹಡಗಿನಿಂದ ಪೆಟ್ಟಿಗೆಗಳು ಬೀಳುತ್ತವೆ; ಕೆಳಗೆ ಒಬ್ಬ ಹಮಾಲಿ ಆ ಕಡೆ ಈ ಕಡೆ ಓಡಿ ಹಿಡಿಯಬೇಕು. ಹಿಡಿದಷ್ಟೂ ಬೇಗ ಬೇಗ ಬೀಳುತ್ತವೆ. ಮೂರು ಬಿಟ್ಟರೆ ಆಟ ಮುಗಿಯಿತು.

ಇಡೀ ಬೀದಿಯ ಮಕ್ಕಳು ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದಾಗ ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಕಾಲು ಗಂಟೆ ಪರೀಕ್ಷಿಸಿದರು. ಆಮೇಲೆ ಮಾವನನ್ನು ಕೇಳಿದರು, "ಇವನಿಗೆ ರೆಸ್ಟ್ ಯಾವಾಗ?"

"ಯಾರಿಗೆ ಭಾವ?"

"ಈ ಹಮಾಲಿಗೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ಸ್ಪೀಡು ಜಾಸ್ತಿ ಮಾಡ್ತಾರೆ. ಮೂರು ತಪ್ಪಿಗೆ ಮನೆಗೆ ಕಳಿಸ್ತಾರೆ. ಇದು ಆಟಾನಾ? ಇದನ್ನೇ ಅಲ್ವಾ ನಾನು ಎಂಟು ಗಂಟೆ ಮಾಡಿ ಬರೋದು?"

ಮಾವ ಕಾಫಿ ಕುಡಿಯದೆ ಎದ್ದುಹೋದರು. ಅಪ್ಪ ಗೇಮನ್ನು ತಿರುಗಿಸಿ, ಹಿಂದಿನ ಮುಚ್ಚಳ ಜಾರಿಸಿ, ವಾಚಿಗೆ ಹಾಕುವಂಥ ಎರಡು ಬಟನ್ ಸೆಲ್ಲುಗಳನ್ನು ಅಂಗೈಗೆ ಉದುರಿಸಿಕೊಂಡರು. ಖಾಲಿ ಗೇಮನ್ನು ನಮ್ಮ ಕೈಗೆ ಕೊಟ್ಟು ಅಂದರು, "ಆಟ ನಿಮ್ಮದು, ಸೆಲ್ ನನ್ನದು. ಬೇಕಾದಾಗ ಬಂದು ಕೇಳಿ." ಸೆಲ್ಲುಗಳು ಅವರ ಶೇವಿಂಗ್ ಡಬ್ಬಿಗೆ ಹೋದವು.

ಇದನ್ನೇ ಚಿಕ್ಕಮ್ಮ ಬೇಡ ಅಂದವರಲ್ಲ ಎಂದು ಹೇಳುವುದು. ಬೇಡ ಅನ್ನಲಿಲ್ಲ, ನಿಜ. ಬೇಡ ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆವು.

ಮೊದಲ ಸಲ ನಾನೊಬ್ಬಳೇ ಹೋಗಿ ಕೇಳಿದೆ. ಬರೆದುಕೊಂಡು ಬಾ ಅಂದರು. ಬರೆದೆ. 'ಮಾನ್ಯ ತಂದೆಯವರಿಗೆ' ಎಂದು ಶುರು ಮಾಡಿ, ದಿನಕ್ಕೆ ಒಂದು ಗಂಟೆ ಆಟ ಬೇಕೆನ್ನಲು ನಾಲ್ಕು ಕಾರಣ ಕೊಟ್ಟೆ. ಓದಿದರು, ಮೆಚ್ಚಿದರು, ವಾಪಸು ಕೊಟ್ಟರು. ಗಿರಿಯ ಸಹಿ ಇಲ್ಲವಂತೆ.

"ಒಬ್ಬೊಬ್ಬರೇ ಬಂದ್ರೆ ಅದು ಭಿಕ್ಷೆ. ಇಬ್ಬರೂ ಬಂದ್ರೆ ಬೇಡಿಕೆ. ಈ ಮನೇಲಿ ಒಬ್ಬೊಬ್ಬರ ಜೊತೆ ನಾನು ಮಾತಾಡಲ್ಲ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಂಡಿದ್ದೇನೆ.

ಹೀಗೆ ನಮ್ಮ ಮನೆಯಲ್ಲಿ ಇಬ್ಬರು ಸದಸ್ಯರ ಸಂಘ ಹುಟ್ಟಿತು. ಹದಿನಾಲ್ಕು ವರ್ಷದ ನಾನು ಕಾರ್ಯದರ್ಶಿ. ಹನ್ನೊಂದು ವರ್ಷದ ಗಿರಿ ಉಳಿದದ್ದೆಲ್ಲ. ಭಾನುವಾರ ಎಣ್ಣೆನೀರಾದ ಮೇಲೆ ಮಾತುಕತೆ. ಅಪ್ಪ ಮಡಿಸುವ ಕುರ್ಚಿಯ ಮೇಲೆ, ನಾವು ಚಾಪೆಯ ಮೇಲೆ. ಎರಡೂ ಕಡೆಯವರಿಗೆ ಒಂದೇ ಎತ್ತರದ ಆಸನ ಬೇಕೆಂದು ನಾನು ಮೊದಲ ದಿನವೇ ಕೇಳಿದೆ. "ಪರಿಶೀಲಿಸ್ತೀನಿ" ಅಂದರು. ಇವತ್ತಿನವರೆಗೂ ಪರಿಶೀಲನೆಯಲ್ಲಿದೆ.

ನನಗೆ ಸಿಟ್ಟು ಬರುತ್ತಿದ್ದದ್ದು ಇಲ್ಲಿಯೇ. ಹಗಲೆಲ್ಲ ಮೇಜಿನ ಈಚೆ ಕಡೆ ಕೂತು ಮ್ಯಾನೇಜ್‌ಮೆಂಟಿನ ಆಟಗಳನ್ನು ನೋಡಿ ಬೇಸತ್ತ ಮನುಷ್ಯ, ಮನೆಗೆ ಬಂದ ಕೂಡಲೇ ಮೇಜಿನ ಆಚೆ ಹೋಗಿ ಅವನ್ನೇ ನಮ್ಮ ಮೇಲೆ ಆಡುತ್ತಿದ್ದರು. ನಾವು ಒಂದು ಗಂಟೆ ಕೇಳಿದರೆ ಕಣ್ಣು ಡಾಕ್ಟರ ಅಭಿಪ್ರಾಯ ಬೇಕು ಅನ್ನುವರು. ಅರ್ಧ ಗಂಟೆಗೆ ಇಳಿದರೆ, ಇಷ್ಟು ಬೇಗ ಇಳಿದಿರಾದರೆ ಮೊದಲು ಕೇಳಿದ್ದು ಸುಳ್ಳು ತಾನೇ ಅನ್ನುವರು. ಉತ್ತರ ಹೊಳೆಯದಿದ್ದರೆ ಗಡಿಯಾರ ನೋಡಿ ಮುಂದಿನ ಭಾನುವಾರಕ್ಕೆ ಹಾಕುವರು. ನಾನು ಉರಿದುಹೋಗುತ್ತಿದ್ದೆ. ಗಿರಿ ಚಾಪೆಯ ಅಂಚಿನ ಕಡ್ಡಿ ಕೀಳುತ್ತಾ ಕೂತಿರುತ್ತಿದ್ದ. ಅವನ ಅಭಿಪ್ರಾಯ ಕೇಳಿದರೆ ಬರುತ್ತಿದ್ದದ್ದು ಒಂದೇ ಮಾತು: "ಅಕ್ಕ ಹೇಳ್ತಾಳೆ."

ಐದನೇ ವಾರ ಮುಷ್ಕರ ಹೂಡಿದೆವು. ಬೆಳಿಗ್ಗೆ ಬೂತಿನಲ್ಲಿ ಹಾಲಿಗೆ ಕ್ಯೂ ನಿಲ್ಲುವುದು, ಬೀದಿ ನಲ್ಲಿಯಿಂದ ನೀರು ತರುವುದು, ಎರಡನ್ನೂ ನಿಲ್ಲಿಸಿದೆವು. ಮೂರು ದಿನ ಪೂರ್ತಿ ಯಶಸ್ವಿ. ಅಪ್ಪನ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಲೇ ಇತ್ತು, ಯಾಕೆಂದರೆ ಹಾಲನ್ನೂ ನೀರನ್ನೂ ಅಮ್ಮ ತರುತ್ತಿದ್ದಳು. ನಾಲ್ಕನೇ ದಿನ ಅವಳು ಖಾಲಿ ಕೊಡ ತಂದು ನಮ್ಮ ಮೂವರ ನಡುವೆ ಇಟ್ಟಳು. "ಜಗಳ ನಿಮ್ಮಿಬ್ಬರದು ಅವರದು. ಸೊಂಟ ನನ್ನದು. ಸಂಜೆಯೊಳಗೆ ಬಗೆಹರಿಸ್ಕೊಳ್ಳಿ" ಅಂದಳು. ಸಂಜೆಯೊಳಗೆ ಬಗೆಹರಿಯಿತು. ಶನಿವಾರ, ಭಾನುವಾರ, ಇಬ್ಬರಿಗೂ ಅರ್ಧರ್ಧ ಗಂಟೆ. ಕಥೆ ಹೇಳುವಾಗ ಚಿಕ್ಕಮ್ಮ ತನ್ನ ಅಕ್ಕನ ಈ ಭಾಗವನ್ನು ಹೇಳುವುದಿಲ್ಲ. ಆ ಕುರ್ಚಿ-ಚಾಪೆಗಳ ನಡುವೆ ಅಮ್ಮನಿಗೆ ಜಾಗವೇ ಇರಲಿಲ್ಲ ಅನ್ನುವುದು ನನಗೂ ಆಗ ಹೊಳೆದಿರಲಿಲ್ಲ ಬಿಡಿ.

ಶನಿವಾರ ಅಪ್ಪ ಸೆಲ್ಲು ಕೊಟ್ಟ ಕೂಡಲೇ ನಾವು ಅವನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದೆವು. ಚುರ್ ಅಂದರೆ ಜೀವ ಇದೆ ಅಂತ ಅರ್ಥ. ಆ ಹುಳಿಯೇ ಹೋದ ಭಾನುವಾರ ನನ್ನ ನಾಲಿಗೆಗೆ ಬಂದದ್ದು.

ನಾನು ಆಟದಲ್ಲಿ ದಡ್ಡಿ. ಮುನ್ನೂರು ದಾಟಿದವಳಲ್ಲ. ಪೆಟ್ಟಿಗೆ ಎಲ್ಲಿ ಬೀಳಬೇಕು ಅಂತ ಹಡಗಿನ ಜೊತೆ ವಾದ ಮಾಡುವಷ್ಟರಲ್ಲಿ ಅದು ಬಿದ್ದುಬಿಟ್ಟಿರುತ್ತಿತ್ತು. ಗಿರಿಯ ಕೈ ಮಾತ್ರ ಬೇರೆಯೇ ಲೋಕದ್ದು. ಮಾತು ಬರದ ಹುಡುಗನ ಹೆಬ್ಬೆರಳಿನಲ್ಲಿ ಎಲ್ಲ ಮಾತೂ ಇತ್ತು. ಐನೂರು, ಏಳುನೂರು, ಎಂಟುನೂರು. ಗಾಜಿನ ಮೂಲೆಯಲ್ಲಿ ಅಂಕಿಗೆ ಮೂರೇ ಮನೆ. ಹಾಗಾಗಿ ಗಿರಿಗೆ ಒಂದು ಪ್ರಶ್ನೆ ಅಂಟಿಕೊಂಡಿತು: ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಏನಾಗುತ್ತೆ? ಮೇಷ್ಟರನ್ನು ಕೇಳಿದ, ಮಾವನನ್ನು ಕೇಳಿದ, ಹಾಲಿನ ಬೂತಿನವನನ್ನೂ ಕೇಳಿದ.

ಉತ್ತರ ಕೊಟ್ಟವನು ನಂಜಣ್ಣ ಒಬ್ಬನೇ. ನಂಜಣ್ಣ ಕೆಂಗೇರಿಯವನು, ಅಪ್ಪನ ಸೆಕ್ಷನ್ನಿನಲ್ಲಿ ಟೆಂಪರರಿ. ಎಷ್ಟೋ ವರ್ಷದಿಂದ ಟೆಂಪರರಿ. ಭಾನುವಾರ ಸೈಕಲ್ಲಿನಲ್ಲಿ ಬಂದು ಅಪ್ಪನ ಜೊತೆ ಸಂಘದ ಮಾತಾಡಿ, ಗಿರಿಯನ್ನು ಬಾರಿನ ಮೇಲೆ ಕೂರಿಸಿಕೊಂಡು ಒಂದು ರೌಂಡು ಹೊಡೆಸಿ ಹೋಗುತ್ತಿದ್ದ. ಗೇಮನ್ನು ಮೊದಲು ನೋಡಿದಾಗ, "ಈ ಹಮಾಲಿ ಪರ್ಮನೆಂಟಾ, ನನ್ ಥರಾನಾ?" ಎಂದು ಕೇಳಿ ಅಪ್ಪನನ್ನು ಬಿದ್ದು ಬಿದ್ದು ನಗಿಸಿದವನು ಅವನು. ಗಿರಿಯ ಪ್ರಶ್ನೆಗೆ ಒಂದು ಕ್ಷಣವೂ ಯೋಚಿಸದೆ, "ಒಂಬೈನೂರ ತೊಂಬತ್ತೊಂಬತ್ತು ಆದ್ಮೇಲೆ ಕರೆದು ಪರ್ಮನೆಂಟ್ ಮಾಡ್ತಾರೆ ಕಣೋ. ನೀನು ಹಿಡೀತಾ ಇರು" ಅಂದ.

ಗಿರಿ ಹಿಡಿಯುತ್ತಾ ಹೋದ. ಒಂದು ಭಾನುವಾರ ಒಂಬೈನೂರ ನಲವತ್ತೊಂದು. ನಂಜಣ್ಣ ಅವನ ಬೆನ್ನ ಹಿಂದೆ ಉಸಿರು ಹಿಡಿದು ನಿಂತಿದ್ದ. ಅಷ್ಟರಲ್ಲಿ ಅರ್ಧ ಗಂಟೆ ಮುಗಿಯಿತೆಂದು ಅಪ್ಪ ಕೈ ಚಾಚಿದರು. ಒಪ್ಪಂದ ಅಂದರೆ ಒಪ್ಪಂದ. ಆ ಕ್ಷಣಕ್ಕೆ ನಾನು ಅಪ್ಪನನ್ನು ಕ್ಷಮಿಸಿಲ್ಲ. ಐದು ನಿಮಿಷ ಕೊಟ್ಟಿದ್ದರೆ ಯಾವ ಕಾರ್ಖಾನೆ ಮುಳುಗುತ್ತಿತ್ತು?

ಆಮೇಲೆ ಅರ್ಧವಾರ್ಷಿಕದ ಅಂಕ ಬಂತು. ಗಿರಿಗೆ ಲೆಕ್ಕದಲ್ಲಿ ಮೂವತ್ತೊಂದು.

ಮರುಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದರು. ಕನ್ನಡಿ ಕಿಟಕಿಯ ಸರಳಿಗೆ, ಡಬ್ಬಿ ಒಗೆಯುವ ಕಲ್ಲಿನ ಮೇಲೆ. ನನ್ನನ್ನು ಕರೆದರು. ನನ್ನೊಬ್ಬಳನ್ನೇ. ಕಲ್ಲಿನ ಮೇಲೆ, ಹಾರದಿರಲೆಂದು ಸೋಪಿನ ಬಟ್ಟಲು ಇಟ್ಟು, ಒಂದು ಕಾಗದವಿತ್ತು. ಬರೆದು ಆಗಿತ್ತು.

"ನೋಡಮ್ಮ, ನಿಂಗೆ ಮಾರ್ಕ್ಸ್ ಚೆನ್ನಾಗಿದೆ. ದಿನಾ ಅರ್ಧ ಗಂಟೆ ತಗೋ. ಗಿರಿದು ಸದ್ಯಕ್ಕೆ ಬೇಡ. ಆಮೇಲೆ ನೋಡೋಣ."

"ಅವನ ಸಹಿ?"

"ನೀನು ಕಾರ್ಯದರ್ಶಿ. ನೀನು ಹಾಕಿದ್ರೆ ಸಾಕು."

ಈಗ ನನ್ನ ಪರವಾಗಿ ನಾನೇ ವಾದಿಸುತ್ತೇನೆ, ಕೇಳಿ. ದಿನಾ ಅರ್ಧ ಗಂಟೆ ಅನ್ನುವುದು ನಾವು ಅಲ್ಲಿವರೆಗೆ ಗೆದ್ದದ್ದಕ್ಕಿಂತ ಎಷ್ಟೋ ದೊಡ್ಡದು. ಸಿಕ್ಕಿದ್ದನ್ನು ಮೊದಲು ಕೈಗೆ ತೆಗೆದುಕೊಂಡು ಉಳಿದದ್ದಕ್ಕೆ ಆಮೇಲೆ ಹೋರಾಡಬಹುದು. ಗಿರಿ ಲೆಕ್ಕ ಓದಬೇಕು ಅನ್ನುವುದು ಸುಳ್ಳೇನಲ್ಲ. ನನ್ನ ಅರ್ಧ ಗಂಟೆಯಲ್ಲಿ ಅವನಿಗೆ ಹತ್ತು ನಿಮಿಷ ಕದ್ದು ಕೊಡಬಹುದು. ನಾಲ್ಕೂ ಒಳ್ಳೆಯ ವಾದಗಳು. ನಾಲ್ಕೂ ನನಗೆ ಹೊಳೆದದ್ದು ಸಹಿ ಹಾಕಿದ ಮೇಲೆ.

ಹಾಕುವಾಗ ಏನೂ ಹೊಳೆದಿರಲಿಲ್ಲ. ಪೆನ್ನು ಕೊಟ್ಟರು, ಹಾಕಿದೆ.

ಯಾವ ಒಪ್ಪಂದವಾದರೂ ಅಪ್ಪ ನಗುತ್ತಾ ಕೈ ಕುಲುಕುತ್ತಿದ್ದರು. ಅದು ನಮ್ಮ ಮನೆಯ ಪದ್ಧತಿ. ಅವತ್ತು ಕುಲುಕಲಿಲ್ಲ. ಅರ್ಧ ಮುಖಕ್ಕೆ ನೊರೆ ಹಾಗೇ ಇತ್ತು; ಕಾಗದ ಹಿಡಿದು ನನ್ನ ಸಹಿಯನ್ನೇ ನೋಡುತ್ತಾ ನಿಂತರು. ನೊರೆ ಒಣಗಿ ಬಿರಿಯುವವರೆಗೂ ನಿಂತಿದ್ದರು. ನನಗೆ ಆಗ ಅನ್ನಿಸಿದ್ದು, ಸಹಿ ಸೊಟ್ಟಗಾಗಿದೆಯೇನೋ ಅಂತ.

ಗಿರಿಗೆ ಹೋಗಿ ವಿಜಯದ ಸುದ್ದಿಯ ಹಾಗೆ ಹೇಳಿದೆ. ದಿನಾ ಅರ್ಧ ಗಂಟೆ ಸಿಕ್ಕಿತು ಅಂದೆ.

"ನಂಗೆ?" ಅಂದ.

ಮುಂದಿನ ಮಾತುಕತೆಯಲ್ಲಿ ನೋಡೋಣ ಅಂದೆ. ಅವನು ನನ್ನನ್ನೂ, ನನ್ನ ಕೈಯಲ್ಲಿದ್ದ ಸೆಲ್ಲುಗಳನ್ನೂ ನೋಡಿ, "ಸರಿ ಅಕ್ಕ" ಅಂದ. ಅಳಲಿಲ್ಲ, ಕಿತ್ತಾಡಲಿಲ್ಲ. ಕಿತ್ತಾಡಿದ್ದರೆ ಅದನ್ನಾದರೂ ಗೆಲ್ಲುತ್ತಿದ್ದೆ. ನಾನು ಕೊಡಲು ಹೋದ ಹತ್ತು ನಿಮಿಷವನ್ನು ಅವನು ಒಂದು ದಿನವೂ ಮುಟ್ಟಲಿಲ್ಲ. ನಾನು ದಿನಾ ಅರ್ಧ ಗಂಟೆ ಆಡಿ, ಮುನ್ನೂರನ್ನೇ ದಾಟದೆ, ಒಂದು ತಿಂಗಳಲ್ಲಿ ಸಾಕಾಗಿ ಬಿಟ್ಟೆ.

ವಾರ್ಷಿಕದಲ್ಲಿ ಗಿರಿಗೆ ಲೆಕ್ಕದಲ್ಲಿ ಎಪ್ಪತ್ತೆಂಟು ಬಂತು. ಅಪ್ಪ ಶೇವಿಂಗ್ ಡಬ್ಬಿಯಿಂದ ಸೆಲ್ಲು ತೆಗೆದು ಎಲ್ಲರ ಮುಂದೆ ಅವನ ಕಡೆ ಚಾಚಿದರು. "ತಗೋ. ಎಷ್ಟು ಹೊತ್ತು ಬೇಕಾದ್ರೂ ಆಡು. ನಾನು ಗಡಿಯಾರ ನೋಡಲ್ಲ." ಆಗಲೇ ನಾನು ಮೊದಲ ಸಲ ಆ ಕೈಗಳು ಜೇಬಿಗೆ ಹೋಗುವುದನ್ನು ನೋಡಿದ್ದು. "ಬೇಡಪ್ಪ. ಅಕ್ಕ ಆಡ್ಲಿ." ಚಿಕ್ಕಮ್ಮ ಅವತ್ತು ಮನೆಯಲ್ಲಿದ್ದಳು. ಕಥೆ ಹುಟ್ಟಿದ್ದು ಅಲ್ಲಿ.

ಗೇಮನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಸೆಲ್ಲು ಡಬ್ಬಿಯಲ್ಲೇ ಹಸಿರು ಕಾರಿತು. ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳುತ್ತಿದ್ದವನೂ ಕೇಳುವುದನ್ನು ಬಿಟ್ಟಿದ್ದಾನೆ.

ಹೋದ ಭಾನುವಾರ ಚಿಕ್ಕಮ್ಮನ ಮನೆಯಿಂದ ಬಂದವಳು ನೇರವಾಗಿ ಬೀರು ತೆಗೆದೆ. ಸಾಕ್ಷಿ ಬೇಕಿತ್ತು. ಅಪ್ಪ ಕಾಗದ ಎಸೆಯುವವರಲ್ಲ. ಸಂಘದ್ದು ಮನೆಯದ್ದು ಅನ್ನದೆ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿಗೆ ಲೇಸು ಕಟ್ಟಿ ಇಡುತ್ತಾರೆ. ಆ ಭಾನುವಾರದ ಒಪ್ಪಂದ ತೋರಿಸಿ, 'ಒಬ್ಬೊಬ್ಬರ ಜೊತೆ ಮಾತಾಡಲ್ಲ ಅಂದವರು ನೀವು, ಕದ್ದು ಕರೆದವರೂ ನೀವು, ಆ ಹುಡುಗನ ಕೈ ಜೇಬಿಗೆ ಕಳಿಸಿದವರೂ ನೀವೇ' ಎಂದು ಮೂರು ಅಂಶಗಳಲ್ಲಿ ಅಪ್ಪನನ್ನು ಸೋಲಿಸುವುದು ನನ್ನ ಯೋಜನೆ.

ಕಾಗದ ಸಿಕ್ಕಿತು. ಅಪ್ಪನ ಕೈಬರಹ, ಕೊನೆಯ ಸಾಲು: 'ಗಿರೀಶನ ವಿಷಯವನ್ನು ಮುಂದಿನ ಮಾತುಕತೆಯವರೆಗೆ ಮುಂದೂಡಲಾಗಿದೆ.' ಕೆಳಗೆ ನನ್ನ ಸಹಿ. ಸೊಟ್ಟಗಾಗಿರಲಿಲ್ಲ. ಚೆನ್ನಾಗಿಯೇ ಇತ್ತು.

ಅದರ ನಂತರದ ಹಾಳೆ ಕಾರ್ಬನ್ ಪ್ರತಿ. ಕಾರ್ಖಾನೆಯದು. ಪರ್ಮನೆಂಟ್ ಆದವರಿಗೆ ಕೇಳಿದ್ದೆಲ್ಲ ಒಪ್ಪಿಗೆಯಾಗಿತ್ತು. ಕೊನೆಯ ಸಾಲು ಮತ್ತೆ ಅಪ್ಪನ ಕೈಬರಹ: 'ತಾತ್ಕಾಲಿಕ ನೌಕರರ ವಿಷಯವನ್ನು ಮುಂದಿನ ಮಾತುಕತೆಯವರೆಗೆ ಮುಂದೂಡಲಾಗಿದೆ.' ಸಂಘದ ಪರವಾಗಿ ಅಪ್ಪನ ಸಹಿ. ತಾರೀಖು ನೋಡಿದೆ. ಎರಡು ಸಲ ನೋಡಿದೆ. ನಾನು ಸಹಿ ಹಾಕಿದ್ದು ಭಾನುವಾರ. ಅಪ್ಪ ಹಾಕಿದ್ದು ಎರಡು ದಿನ ಬಿಟ್ಟು, ಮಂಗಳವಾರ.

ಆಗ ನೆನಪಾಯಿತು. ಆ ವರ್ಷ ಆಮೇಲೆ ನಂಜಣ್ಣ ನಮ್ಮ ಮನೆಗೆ ಬಂದದ್ದೇ ಇಲ್ಲ. ಕೆಲಸ ಬಿಟ್ಟನಂತೆ ಅಂತ ಅಮ್ಮ ಹೇಳಿದ್ದಳು. ನಾನು ಯಾಕೆ ಅಂತ ಕೇಳಿರಲಿಲ್ಲ. ಎಲ್ಲದಕ್ಕೂ ಯಾಕೆ ಅನ್ನುವ ಹುಡುಗಿ ಅದೊಂದನ್ನು ಕೇಳಿರಲಿಲ್ಲ. ಮರುವರ್ಷದ ಸಂಘದ ಚುನಾವಣೆಗೆ ಅಪ್ಪ ನಿಲ್ಲಲಿಲ್ಲ. ಸುಸ್ತಾಯಿತು ಅಂದಿದ್ದರು. ನಂಬಿದ್ದೆವು.

ಫೈಲು ಹಿಡಿದು ಹಿತ್ತಲಿಗೆ ಹೋದೆ. ಅಪ್ಪ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಫೈಲು ನೋಡಿದರು. ಎರಡು ಹಾಳೆಗಳ ನಡುವೆ ನನ್ನ ಬೆರಳು ಇದ್ದದ್ದನ್ನೂ ನೋಡಿದರು. ಮತ್ತೆ ಪೆಡಲ್ ತಿರುಗಿಸತೊಡಗಿದರು. ಕಟಕಟ ಸದ್ದು ಮಾಡುತ್ತಾ ಚಕ್ರ ಸುಮ್ಮನೆ ಸುತ್ತಿತು.

ನನ್ನ ಮೂರು ಅಂಶಗಳನ್ನು ಆಡಲು ಬೇಕಾದ ಜಾಗದಲ್ಲಿ ನಾನು ನಿಂತಿರಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದೆ, ಅವತ್ತು ನಿಂತಿದ್ದಲ್ಲೇ. ಅಲ್ಲಿಂದ ಕೇಳಲು ಆದದ್ದು ಒಂದೇ.

"ಅಪ್ಪ, ಆ ಭಾನುವಾರ ನಾನು ಸಹಿ ಹಾಕಲ್ಲ ಅಂದಿದ್ರೆ, ಮಂಗಳವಾರ ನೀವು ಏನು ಮಾಡ್ತಿದ್ರಿ?"